ಮತವಿಲ್ಲದ ಪಾಲುದಾರರು: ಷೆಂಗೆನ್ ವ್ಯವಸ್ಥೆಯಲ್ಲಿ ನಾರ್ವೆ ಮತ್ತು ಸ್ವಿಟ್ಜರ್ಲೆಂಡ್

ಸ್ವೀಡನ್ ಕಡೆಯಿಂದ ಸ್ವಿನೆಸುಂಡ್ ಸೇತುವೆ ದಾಟಿ ನಾರ್ವೆಗೆ ಬರುವವರನ್ನು ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ತಲೆಗೆ 10 ಕೆ.ಜಿ. ಮೀರಿ ಮಾಂಸ, ಚೀಸ್ ಇದ್ದರೆ ಮಾತ್ರ ಸುಂಕದವರು ಬಿಡುವುದಿಲ್ಲ. ಇಲ್ಲಿ ಎರಡು ಒಪ್ಪಂದಗಳು (ಪಾಸ್‌ಪೋರ್ಟ್ ತಪಾಸಣೆ ತೆಗೆದ ಷೆಂಗೆನ್, ಸುಂಕವನ್ನು ಉಳಿಸಿದ ಐರೋಪ್ಯ ಆರ್ಥಿಕ ಪ್ರದೇಶ) ಒಂದೇ ಗಡಿಯ ಮೇಲೆ ಕೂತಿವೆ, ಎರಡರ ಇತಿಹಾಸವೂ ಬೇರೆ.

ಆರ್ಥಿಕ ಒಪ್ಪಂದ ಮೊದಲು ಬಂತು, ಪ್ರಯಾಣದ ಒಪ್ಪಂದ ಅದರ ಬೆನ್ನಿಗೆ ಬಂತು ಎಂಬ ವಿವರಣೆ ಸುಲಭವಾಗಿ ಹೊಳೆಯುವಂಥದ್ದು. ಎರಡೂ ಒಪ್ಪಂದಗಳಿಗೆ ಮುಂಚಿನ ಕಾಲಾನುಕ್ರಮ ನೋಡಿದರೆ ಅದು ನಿಲ್ಲುವುದಿಲ್ಲ. ನಾರ್ಡಿಕ್ ದೇಶಗಳ ಪ್ರಜೆಗಳು 1952ರಿಂದಲೇ ಪಾಸ್‌ಪೋರ್ಟ್ ಇಲ್ಲದೆ ಪರಸ್ಪರರಲ್ಲಿಗೆ ಓಡಾಡುತ್ತಿದ್ದರು. 1957ರ ಒಡಂಬಡಿಕೆ ಗಡಿ ತಪಾಸಣೆಯನ್ನೇ ಕೈಬಿಟ್ಟಿತು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ಮೂರೂ ಐರೋಪ್ಯ ಒಕ್ಕೂಟದ ಸದಸ್ಯರಾಗಿ ಷೆಂಗೆನ್ ಕಡೆಗೆ ಹೊರಟಾಗ, 1994ರ ಜನಮತಗಣನೆಯಲ್ಲಿ ಒಕ್ಕೂಟ ಬೇಡವೆಂದಿದ್ದ ನಾರ್ವೆಯ ಪಾಡೇನು? 1,600 ಕಿ.ಮೀ. ಮೀರಿದ ಸ್ವೀಡನ್ ಗಡಿಯಲ್ಲಿ ಮತ್ತೆ ಠಾಣೆಗಳನ್ನು ಕೂರಿಸುವುದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ 1996ರ ಡಿಸೆಂಬರ್‌ನಲ್ಲಿ ನಾರ್ವೆ, ಐಸ್ಲೆಂಡ್‌ಗಳೊಂದಿಗೆ ಸಹಕಾರ ಒಪ್ಪಂದವಾಯಿತು. ಷೆಂಗೆನ್ ನಿಯಮಗಳನ್ನು ಆಮ್‌ಸ್ಟರ್‌ಡ್ಯಾಮ್ ಒಪ್ಪಂದ ಒಕ್ಕೂಟದ ಕಾನೂನಿಗೆ ಸೇರಿಸಿದ್ದರಿಂದ ಅದನ್ನು 1999ರಲ್ಲಿ ಹೊಸದಾಗಿ ಬರೆಯಬೇಕಾಯಿತು. 2001ರ ಮಾರ್ಚ್ 25ರಂದು ಐದೂ ದೇಶಗಳು ಒಟ್ಟಿಗೆ ಒಳಬಂದವು. ನಾರ್ವೆಯನ್ನು ಒಳಗೆ ಕರೆತಂದದ್ದು ವ್ಯಾಪಾರವಲ್ಲ, ನೆರೆಹೊರೆ.

ಆರ್ಥಿಕ ದಾರಿ ತೆರೆದದ್ದು 1989ರ ಜನವರಿಯಲ್ಲಿ. ಸದಸ್ಯರಲ್ಲದವರೊಂದಿಗೆ ನಿರ್ಧಾರವನ್ನೂ ಹಂಚಿಕೊಳ್ಳುವ ಆಸೆಯನ್ನು ಐರೋಪ್ಯ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್ ಆಗ ಹುಟ್ಟಿಸಿದರು. ಮಾತುಕತೆ ಮುಗಿಯುವ ಹೊತ್ತಿಗೆ ಆ ಆಸೆ ಕರಗಿತ್ತು. ಜಂಟಿ ನ್ಯಾಯಾಲಯದ ಯೋಜನೆಯನ್ನು ಐರೋಪ್ಯ ನ್ಯಾಯಾಲಯ 1991ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. 1994ರಲ್ಲಿ ಜಾರಿಗೆ ಬಂದ ಐರೋಪ್ಯ ಆರ್ಥಿಕ ಪ್ರದೇಶದಲ್ಲಿ ಸುಂಕದ ಒಕ್ಕೂಟ ಸೇರಿರಲಿಲ್ಲ. ಕೃಷಿ ನೀತಿ, ಮೀನುಗಾರಿಕೆ ನೀತಿಗಳೂ ಹೊರಗೇ ಉಳಿದವು.

ಸ್ವಿಟ್ಜರ್ಲೆಂಡ್ ಈ ಆರ್ಥಿಕ ಪ್ರದೇಶವನ್ನೇ 1992ರ ಡಿಸೆಂಬರ್ 6ರಂದು ಶೇ. 50.3 ಮತಗಳಿಂದ ನಿರಾಕರಿಸಿತು. ಬದಲಿಗೆ 1999ರಲ್ಲಿ ಏಳು ದ್ವಿಪಕ್ಷೀಯ ಒಪ್ಪಂದಗಳಾದವು. ಒಂದು ಬಿದ್ದರೆ ಏಳೂ ಬೀಳುವ ಷರತ್ತು ಅವಕ್ಕಿತ್ತು. ಷೆಂಗೆನ್ ಸೇರುವುದನ್ನು ಅಲ್ಲಿನ ಜನ 2005ರಲ್ಲಿ ಶೇ. 54.6 ಮತಗಳಿಂದ ಒಪ್ಪಿದರು.

ಆ ಒಪ್ಪಿಗೆಯ ಬೆಲೆ ತಿಳಿದದ್ದು 2019ರಲ್ಲಿ. ಸ್ವಿಟ್ಜರ್ಲೆಂಡ್‌ಗೆ ಮತವಿಲ್ಲದ ಒಕ್ಕೂಟ ಅದಕ್ಕೂ ಮೊದಲೇ ತನ್ನ ಬಂದೂಕು ನಿಯಮ ಬಿಗಿಗೊಳಿಸಿತ್ತು. ಸ್ವಿಸ್ ಗುರಿಕಾರರ ಸಂಘಗಳು ಸಹಿ ಸಂಗ್ರಹಿಸಿ ವಿಷಯವನ್ನು ಜನಮತಕ್ಕೆ ಎಳೆದವು. ಹೊಸ ನಿಯಮವನ್ನು ನಿರಾಕರಿಸಿದರೆ, ಎರಡೂ ಕಡೆಯವರ ಜಂಟಿ ಸಮಿತಿ 90 ದಿನಗಳಲ್ಲಿ ಬೇರೆ ದಾರಿ ಹುಡುಕದ ಹೊರತು ಷೆಂಗೆನ್ ಒಪ್ಪಂದವೇ ಕೊನೆಗೊಳ್ಳುತ್ತದೆ. ಶೇ. 63.7 ಮಂದಿ ನಿಯಮವನ್ನು ಒಪ್ಪಿದರು. ಕೋವಿಗಿಂತ ಗಡಿಯಾಚೆಯ ಓಡಾಟವೇ ಅವರಿಗೆ ಮುಖ್ಯವೆನಿಸಿತು ಎಂದೇ ನನ್ನ ಓದು. ಆರ್ಥಿಕ ಪ್ರದೇಶದ ಒಪ್ಪಂದ ಇಷ್ಟು ಕಠಿಣವಲ್ಲ: 2011ರಲ್ಲಿ ನಾರ್ವೆ ಅಂಚೆ ಸೇವೆಯ ನಿರ್ದೇಶನವೊಂದನ್ನು ಒಲ್ಲೆನೆಂದಿತು, ಒಪ್ಪಂದ ಮುರಿಯಲಿಲ್ಲ. ಎರಡು ವರ್ಷಗಳ ನಂತರ ಬಂದ ಹೊಸ ಸರ್ಕಾರ ಆ ನಿರಾಕರಣೆಯನ್ನು ಹಿಂತೆಗೆದುಕೊಂಡಿತು.

ನೆರೆಹೊರೆಯ ತರ್ಕಕ್ಕೆ ತಿರುಗುಮುರುಗಿನ ಉದಾಹರಣೆ ಐರ್ಲೆಂಡ್. 1973ರಿಂದ ಪೂರ್ಣ ಸದಸ್ಯ, ಮತದ ಹಕ್ಕೂ ಇದೆ. ಆದರೂ ಬ್ರಿಟನ್ ಜೊತೆಗಿನ ಹಳೆಯ ಮುಕ್ತ ಓಡಾಟವನ್ನು ಉಳಿಸಿಕೊಳ್ಳಲು ಅದು ಷೆಂಗೆನ್ ಹೊರಗೇ ನಿಂತಿತು. ಹೀಗಾಗಿ ಬೆಂಗಳೂರಿನಿಂದ ಹೊರಟವರು ಸ್ವಿಟ್ಜರ್ಲೆಂಡ್ ಕೊಟ್ಟ ಷೆಂಗೆನ್ ವೀಸಾದಲ್ಲಿ ಪ್ಯಾರಿಸ್, ಓಸ್ಲೊ ಸುತ್ತಬಹುದು. ಡಬ್ಲಿನ್‌ಗೆ ಬೇರೆ ವೀಸಾ ಬೇಕು.