"ವಯಸ್ಸಾಯ್ತು, ಬಿಡು": ಅಜ್ಜಿಯ ಹಲ್ಲು, ಅಮ್ಮನ ಮೂಳೆ

(1/4)
ನಮ್ಮೂರಿನ ಹೆಸರೇ ಕಾಗದನಗರ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್‌ನಿಂದ ಬಂದ ಹೆಸರು. ಮಿಲ್ಲಿನಲ್ಲಿ ದುಡಿದವರಿಗೆ ಎಲ್ಲದಕ್ಕೂ ಕಾಗದ ಇತ್ತು. ಶಿಫ್ಟಿಗೆ, ಸಂಬಳಕ್ಕೆ, ನಿವೃತ್ತಿಗೆ. ಆದ್ರೆ ಮನೆಯಲ್ಲಿದ್ದ ಹೆಂಗಸರಿಗೆ ಮುಟ್ಟು ಯಾವ ವರ್ಷ ನಿಂತಿತು ಅಂತ ಯಾರೂ ಎಲ್ಲೂ ಬರೆದಿಡಲಿಲ್ಲ. ಆಮೇಲೆ ಹಲ್ಲು ಅಲ್ಲಾಡಿತು, ಬೆನ್ನು ಬಾಗಿತು, ಬಚ್ಚಲಲ್ಲಿ ಜಾರಿದ್ರೆ ಸೊಂಟ ಮುರೀತು. ಎಲ್ಲದಕ್ಕೂ ಒಂದೇ ಮಾತು: "ವಯಸ್ಸಾಯ್ತು, ಬಿಡು."

ಈ ಮಾತು ಅರ್ಧ ಮಾತ್ರ ನಿಜ ಅಂತ ಗೊತ್ತಾಗೋಕೆ ಎಷ್ಟು ಕಾಲ ಹಿಡೀತು? ಇವತ್ತಿನ ಕಂತು ಅದರ ಬಗ್ಗೆ.

(2/4) ಮೂಳೆಯ ಕಥೆ
ಮೂಳೆ ಅಂದ್ರೆ ಕಲ್ಲಲ್ಲ. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಬ್ಯಾಂಕ್ ಖಾತೆ. ದಿನಾ ಹಳೇ ಮೂಳೆ ಕರಗುತ್ತೆ, ಹೊಸದು ಜಮಾ ಆಗುತ್ತೆ. ಖರ್ಚು ಜಾಸ್ತಿ ಆಗದ ಹಾಗೆ ನೋಡ್ಕೊಳ್ಳೋದು ಈಸ್ಟ್ರೋಜನ್ ಹಾರ್ಮೋನು. ನಮ್ಮ ದೇಶದಲ್ಲಿ ಸರಾಸರಿ 46–47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತೆ, ಈಸ್ಟ್ರೋಜನ್ ಇಳಿಯುತ್ತೆ. ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಕರಗುತ್ತೆ.

ಇದನ್ನ ಸ್ಪಷ್ಟವಾಗಿ ಹೇಳಿದವರು ಅಮೆರಿಕದ ಬಾಸ್ಟನ್‌ನ ವೈದ್ಯ ಫುಲ್ಲರ್ ಆಲ್‌ಬ್ರೈಟ್, 1941ರಲ್ಲಿ. ಮೂಳೆ ಟೊಳ್ಳಾಗಿ ಬಂದ ಅವರ ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರು. ಬರೀ ಮುಪ್ಪೇ ಕಾರಣ ಆಗಿದ್ರೆ ಗಂಡಸರೂ ಅಷ್ಟೇ ಜನ ಇರಬೇಕಿತ್ತಲ್ವಾ? ಆದ್ರೂ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಬಂದಿದ್ದು 1980ರ ದಶಕದ ಕೊನೆಗೆ. ಇಷ್ಟಕ್ಕಿಂತ ಕಡಿಮೆ ಇದ್ರೆ ಆಸ್ಟಿಯೊಪೊರೋಸಿಸ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದ್ದು 1994ರಲ್ಲಿ. ಅಂದ್ರೆ ಮಧ್ಯೆ 53 ವರ್ಷ!

(3/4) ವಸಡಿನ ಕಥೆ
ಹಲ್ಲಿನ ಇತಿಹಾಸ ಬೇರೆ ದಾರೀಲಿ ನಡೀತು. ನಮ್ಮಲ್ಲಿ ನಂಜನಗೂಡು ಹಲ್ಲುಪುಡಿ ಗೊತ್ತಿಲ್ಲದವರಿಲ್ಲ. ಅದನ್ನ ಮಾಡೋ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾಗಿದ್ದು 1913ರಲ್ಲಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಬಂದಿದ್ದು 1958ರಲ್ಲಿ.

1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಅನ್ನೋರು ಒಂದು ಪ್ರಯೋಗದ ವರದಿ ಬರೆದರು. 12 ಜನ ಹಲ್ಲುಜ್ಜೋದು ನಿಲ್ಲಿಸಿದ್ರು. ಹೆಚ್ಚಿನವರು ನಮ್ಮ ಥರಾನೇ ಸ್ಟೂಡೆಂಟ್ಸ್. ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪಾಗಿ ಊದ್ಕೊಂಡಿತು. ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸರಿಹೋಯ್ತು. ಅಂದ್ರೆ ಕಾಯಿಲೆ ಶುರು ಮಾಡೋದು ಹಲ್ಲಿಗೆ ಕಟ್ಟೋ ಪಾಚಿ, ವಯಸ್ಸಲ್ಲ. ಹಾಗೇ ಬಿಟ್ರೆ ಕೆಲವರಲ್ಲಿ ಅದು ವಸಡಿನ ಕೆಳಗಿನ ದವಡೆ ಮೂಳೆಯನ್ನೇ ತಿನ್ನುತ್ತೆ.

ಎರಡು ಕಥೆ ಸೇರೋದು ಇಲ್ಲೇ. 1990ರ ದಶಕದ ಕೊನೆಗೆ ರ‍್ಯಾಂಕ್‌ಎಲ್ ಅನ್ನೋ ಪ್ರೋಟೀನ್ ಪತ್ತೆಯಾಯ್ತು. "ಮೂಳೆ ಕರಗಿಸು" ಅಂತ ಜೀವಕೋಶಗಳಿಗೆ ಸೂಚನೆ ಕೊಡೋದು ಇದೇ. ಈಸ್ಟ್ರೋಜನ್ ಇಳಿದಾಗಲೂ ಇದರ ಕೆಲಸ ಜೋರಾಗುತ್ತೆ, ವಸಡು ಊದಿದಾಗಲೂ ಜೋರಾಗುತ್ತೆ. ಅದೇ ಹೊತ್ತಿಗೆ, 1997ರಿಂದ 2001ರವರೆಗೆ, ಅಮೆರಿಕದ ಬಫಲೋ ನಗರದಲ್ಲಿ ಮುಟ್ಟು ನಿಂತ 1300ಕ್ಕೂ ಹೆಚ್ಚು ಹೆಂಗಸರ ಬಾಯಿ, ಮೂಳೆ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿದ್ರು. ಮೂಳೆ ಸಾಂದ್ರತೆ ಕಡಿಮೆ ಇದ್ದವರಲ್ಲಿ ಹಲ್ಲಿನ ಸುತ್ತಲ ಮೂಳೆ ಸವೆತವೂ ಜಾಸ್ತಿ ಕಂಡಿತು. ಹಾಗಂತ ಮುಟ್ಟು ನಿಂತ ಮಾತ್ರಕ್ಕೆ ವಸಡಿನ ರೋಗ ಬರುತ್ತೆ ಅಂತಲ್ಲ. ಪಾಚಿ ಇದ್ದು, ಮೂಳೆಯೂ ಬಡವಾದ್ರೆ ಹಲ್ಲಿಗೆ ಎರಡೂ ಕಡೆಯಿಂದ ಪೆಟ್ಟು.

(4/4) ನಮ್ಮ ಮನೆ
ನಮ್ಮಜ್ಜಿಗೆ 58ಕ್ಕೇ ಹಲ್ಲು ಸೆಟ್ಟು ಬಂತು, 67ಕ್ಕೆ ಸೊಂಟದ ಮೂಳೆ ಮುರೀತು. ಹಲ್ಲಿನ ಡಾಕ್ಟರು ಹಲ್ಲು ನೋಡಿದ್ರು, ಮೂಳೆ ಡಾಕ್ಟರು ಮೂಳೆ ನೋಡಿದ್ರು. ಎರಡನ್ನೂ ಸೇರಿಸಿ ಯಾರೂ ಕೇಳಲಿಲ್ಲ. ಅಮ್ಮನಿಗೆ ಈಗ 47. ನಾನು ಕೇಳ್ತಾ ಇದೀನಿ.

ನೀವೂ ಮನೇಲಿ ಕೇಳಿ:
• ಮುಟ್ಟು ನಿಂತು ಎಷ್ಟು ವರ್ಷ ಆಯ್ತು? 40ರೊಳಗೇ ನಿಂತಿದ್ರೆ ಡಾಕ್ಟರಿಗೆ ಹೇಳಲೇಬೇಕು.
• ಉಜ್ಜುವಾಗ ವಸಡಲ್ಲಿ ರಕ್ತ ಬರುತ್ತಾ? ಹಲ್ಲು ಅಲ್ಲಾಡ್ತಾ ಇದ್ಯಾ?
• ಮೊದಲಿಗಿಂತ ಕುಳ್ಳಾಗಿದ್ದಾರಾ? ಸಣ್ಣ ಪೆಟ್ಟಿಗೇ ಮೂಳೆ ಮುರಿದಿದ್ಯಾ?
• ಎಲೆಅಡಿಕೆ ಜೊತೆ ಹೊಗೆಸೊಪ್ಪು ಇದ್ಯಾ? ಮಲೆನಾಡಲ್ಲಿ ಇದನ್ನ ಹೇಳೋದು ಕಷ್ಟ, ಆದ್ರೂ ಹೇಳಿ. ತಂಬಾಕು ವಸಡಿಗೂ ಮೂಳೆಗೂ ಕೆಟ್ಟದ್ದು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಮುದ್ದೆ ಜೊತೆ ಹಾಲು, ಮಜ್ಜಿಗೆ, ಸೊಪ್ಪು, ಬೆಳಗಿನ ವಾಕಿಂಗ್ ಎಲ್ಲ ಸೇರಬೇಕು.

ಕೊನೇದೊಂದು. ಮೂಳೆಗೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ತಿರೋರು ಹಲ್ಲು ಕೀಳಿಸೋ ಮುಂಚೆ ಅದನ್ನ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಕೆಲವು ಔಷಧಿಗಳಿಂದ ಅಪರೂಪಕ್ಕೆ ದವಡೆ ಮೂಳೆ ವಾಸಿಯಾಗದೆ ಉಳಿಯುತ್ತೆ ಅಂತ 2003ರಿಂದ ವರದಿಗಳಿವೆ. ಹಾಗಂತ ನೀವೇ ಔಷಧಿ ನಿಲ್ಲಿಸಬೇಡಿ.

ಸೇವ್ ಮಾಡ್ಕೊಳ್ಳಿ, ಇವತ್ತು ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಓದಿ ಹೇಳಿ. ಅವರು ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ.

#ಕಾಗದನಗರ #ಭದ್ರಾವತಿ #ಶಿವಮೊಗ್ಗ #ಅಮ್ಮನಆರೋಗ್ಯ