ನಾಲ್ಕು ಸುತ್ತು ತಿರುಗಿದ್ರೆ ಸಾಕಾ?

1/5
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಮ್ಮ ಕಡೆ ಐಸ್ ಅಂದ್ರೆ ಕಬ್ಬಿನ ಹಾಲಿನ ಅಂಗಡಿಯ ಐಸೇ! ಆದ್ರೂ ಫಿಗರ್ ಸ್ಕೇಟಿಂಗ್ ರೀಲ್ಸ್ ನಮ್ಮ ಫೋನಿಗೂ ಬರ್ತಾವೆ. ಒಂದು ಸೆಕೆಂಡಿನೊಳಗೆ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ, ಒಂದೇ ಕಾಲ ಮೇಲೆ ಇಳಿಯೋದು. ಅದೇ ಕ್ವಾಡ್. ಯಾರ ಕ್ವಾಡ್ ದೊಡ್ಡದು ಅಂತ ಕಾಮೆಂಟಲ್ಲಿ ಜಗಳ ಆಡೋ ಮೊದಲು ಸ್ವಲ್ಪ ಇತಿಹಾಸ ನೋಡೋಣ ಬರ್ರಿ.

2/5
1988, ಬುಡಾಪೆಸ್ಟ್, ವಿಶ್ವ ಚಾಂಪಿಯನ್‌ಶಿಪ್. ಸ್ಪರ್ಧೆಯಲ್ಲಿ ಅಧಿಕೃತವಾಗಿ ಮಾನ್ಯವಾದ ಮೊದಲ ಕ್ವಾಡ್ ಕೆನಡಾದ ಕರ್ಟ್ ಬ್ರೌನಿಂಗ್‌ದು. ಆದ್ರೆ ಅಲ್ಲಿ ಅವನಿಗೆ ಸಿಕ್ಕಿದ್ದು 6ನೇ ಸ್ಥಾನ!
2010, ವ್ಯಾಂಕೋವರ್ ಒಲಿಂಪಿಕ್ಸ್. ರಷ್ಯಾದ ಪ್ಲುಶೆಂಕೊ ಕ್ವಾಡ್ ಹೊಡೆದ. ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಹೊಡೆಯಲಿಲ್ಲ. ಆದ್ರೂ 1.31 ಅಂಕದಿಂದ ಚಿನ್ನ ಗೆದ್ದವನು ಲೈಸಾಚೆಕ್. 'ಕ್ವಾಡ್ ಇಲ್ಲದೆ ಚಾಂಪಿಯನ್ನಾ?' ಅಂತ ದೊಡ್ಡ ವಾದವೇ ಆಯಿತು.

3/5
2018ರಲ್ಲಿ ಅಂಕದ ಲೆಕ್ಕ ಬದಲಾಯಿತು. ಕ್ವಾಡ್ ಟೋ ಲೂಪ್‌ಗೆ ಮೂಲ ಅಂಕ 9.5. ಅದರ ಮೇಲೆ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5. ಒಂದೊಂದು ಹಂತಕ್ಕೂ ಮೂಲ ಅಂಕದ 10%. ಎಲ್ಲ ತೀರ್ಪುಗಾರರೂ ಪ್ಲಸ್ 5 ಕೊಟ್ರೆ 14.25. ಬಿದ್ರೆ? 4.75 ಉಳೀತದೆ, ಬಿದ್ದಿದ್ದಕ್ಕೆ ಇನ್ನೊಂದು ಅಂಕ ಕಟ್, ಕೈಗೆ 3.75. ಮೂರೇ ಸುತ್ತಿನ ಟೋ ಲೂಪ್ ಸುಮ್ನೆ ಸರಿಯಾಗಿ ಇಳಿದ್ರೂ 4.2 ಸಿಗ್ತದೆ. ನೀವೇ ಹೋಲಿಸಿ.

4/5
ಈಗ ನೇಥನ್ ಚೆನ್. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಶಾರ್ಟ್ ಪ್ರೋಗ್ರಾಮ್‌ನಲ್ಲಿ ತಪ್ಪಿ 17ನೇ ಸ್ಥಾನಕ್ಕೆ ಕುಸಿದ. ಮರುದಿನ ಫ್ರೀ ಸ್ಕೇಟ್‌ನಲ್ಲಿ 6 ಕ್ವಾಡ್ ಹಾಕಿದ, ಆ ದಿನದ ಅತಿ ಹೆಚ್ಚು ಅಂಕ ಅವನದೇ. ಆದ್ರೂ ಒಟ್ಟಾರೆ 5ನೇ ಸ್ಥಾನ. ಚಿನ್ನ ಜಪಾನಿನ ಯುಜುರು ಹನ್ಯುಗೆ. 2022ರಲ್ಲಿ ಬೀಜಿಂಗ್‌ನಲ್ಲಿ ಚೆನ್ ಎರಡೂ ದಿನ ಗಟ್ಟಿಯಾಗಿ ನಿಂತ, ಚಿನ್ನ ತಂದ. ಅಲ್ಲೇ ಹನ್ಯು ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲ್‌ಗೆ ಕೈ ಹಾಕಿ ಬಿದ್ದ, 4ನೇ ಸ್ಥಾನ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಲ್ಯಾ ಮಲಿನಿನ್ ಅದನ್ನ ಮೊದಲ ಸಲ ಇಳಿಸಿ ತೋರಿಸಿದ. ಹನ್ಯು ಬಿದ್ದಿದ್ದು ವ್ಯರ್ಥ ಅಂತ ನಾನಂತೂ ಹೇಳಲ್ಲ. ಆದ್ರೆ ಧೈರ್ಯ ಬೇರೆ, ಸ್ಥಿರತೆ ಬೇರೆ. ಎರಡನ್ನೂ ಬೇರೆ ಬೇರೆ ಅಳೀಬೇಕು.

5/5
ನಮ್ಮ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತೋದು ನೋಡೀರಲ್ಲ? ಕಲ್ಲು ಎಷ್ಟು ಭಾರ ಅನ್ನೋದು ಒಂದು ಮಾತು, ಹೆಂಗ ಎತ್ತಿದ ಅನ್ನೋದು ಇನ್ನೊಂದು. ಹಿರಿಯರು ಎರಡನ್ನೂ ನೋಡ್ತಾರೆ. ರೀಲ್ಸ್‌ನಲ್ಲಿ ಕಾಣೋದು ಇಳಿದ ಆ ಒಂದು ಜಂಪ್ ಮಾತ್ರ, ಬಿದ್ದವು ಎಡಿಟ್‌ನಲ್ಲೇ ಹೋಗಿರ್ತಾವೆ. ಅದನ್ನೇ ನೋಡಿ 'ನಂಗ್ಯಾಕೆ ಒಂದೇ ಸಲಕ್ಕೆ ಬರ್ತಿಲ್ಲ' ಅಂತ ಕೂತ್ಕೋಬೇಡಿ. ಮುಂದಿನ ಸಲ ಪೂರ್ತಿ ಸ್ಪರ್ಧೆ ನೋಡಿ, ಎಷ್ಟು ಸಲ ಹಾರಿದ, ಎಷ್ಟು ಸಲ ನಿಂತ ಅಂತ ಎಣಿಸಿ.

ನಿಮ್ಮ ವೋಟ್ ಯಾರಿಗೆ? ಕಾರಣ ಸಮೇತ ಬರೀರಿ 👇

#ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಆಟದಇತಿಹಾಸ