ಗುಡ್ಡ ಜರಿದ ಮೇಲೆ ಕುಡಿಯುವ ನೀರು: ಮೂಡಿಗೆರೆ–ಕಳಸ ಭಾಗದ ಅಬ್ಬಿ ನೀರಿನ ಪುನಶ್ಚೇತನ

ಪ್ರಸ್ತಾವನೆ

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಮೊದಲಾದ ಕಡೆ ಗುಡ್ಡಗಳು ಜರಿದವು. ಇಂಥ ದುರಂತದ ನಷ್ಟ ಬರೆಯುವಾಗ ಮನೆ, ತೋಟ, ರಸ್ತೆ ಮುಂದೆ ನಿಲ್ಲುತ್ತವೆ. ನೀರಿನ ನಷ್ಟ ಇಷ್ಟು ಮೀಟರ್ ಪೈಪು ಎಂಬಲ್ಲಿಗೆ ಮುಗಿಯುತ್ತದೆ. ಆದರೆ ನೀರಿನ ವ್ಯವಸ್ಥೆ ಬರೀ ಪೈಪಲ್ಲ; ಯುದ್ಧದ ಅನುಭವ ಇದನ್ನು ತೋರಿಸುತ್ತದೆ. ಕುಡಿಯುವ ನೀರಿನ ಸ್ಥಾವರಗಳನ್ನು ಯುದ್ಧದಲ್ಲೂ ಹಾಳುಗೆಡವಬಾರದೆಂದು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲಿನ 54ನೇ ವಿಧಿ ವಿಧಿಸುತ್ತದೆ. ಯುದ್ಧದಿಂದ ಹಾಳಾದ ವ್ಯವಸ್ಥೆಯನ್ನು ಅಂದಾಜಿಸುವಾಗ ಮೂಲ, ಸಾಗಣೆ, ಸಂಗ್ರಹ, ವಿತರಣೆಗಳ ಜೊತೆಗೆ ನೀರು ಯಾರ ಹಿಡಿತದಲ್ಲಿದೆ ಎಂದೂ ಕೇಳಬೇಕಾಗುತ್ತದೆ. ಗುಡ್ಡ ಜರಿದ ಈ ಕಾಫಿ ಸೀಮೆಯಲ್ಲೂ ಆ ಕೊನೆಯ ಪ್ರಶ್ನೆಯೇ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಮೂಲದ ಅಂದಾಜು

ಇಲ್ಲಿನ ಅನೇಕ ಒಂಟಿಮನೆಗಳಿಗೂ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರೇ ಗತಿ. ಧರೆ ಕುಸಿದಾಗ ಪೈಪು ಕೊಚ್ಚಿಹೋದದ್ದು ಕಾಣುತ್ತದೆ, ಒರತೆ ದಾರಿ ಬದಲಿಸಿದ್ದು ಕಾಣುವುದಿಲ್ಲ. ಮಳೆಗಾಲದ ಅಳತೆಯನ್ನು ನಂಬುವಂತಿಲ್ಲ, ಏಪ್ರಿಲಿನಲ್ಲಿ ಅಳೆಯಬೇಕು. ಆಗ 20 ಲೀಟರಿನ ಕ್ಯಾನು 40 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್. ಜಲಜೀವನ್ ಮಿಷನ್ನಿನ ತಲಾ 55 ಲೀಟರಿನ ಲೆಕ್ಕಕ್ಕೆ 785 ಜನರಿಗೆ ಸಾಕು. ನಾಲ್ಕು ನಿಮಿಷ ಹಿಡಿದರೆ 130 ಜನರಿಗಷ್ಟೇ. ಸೋರಿಕೆಯನ್ನು ಇದರಲ್ಲೇ ಕಳೆಯಬೇಕು.

ಪೈಪು ಮತ್ತು ನೀರಿನ ಗುಣ

ಜರಿದ ಜಾಡಿನಲ್ಲೇ ಹೊಸ ಪೈಪು ಎಳೆಯುವುದು ಅಗ್ಗ, ಆದರೆ ಮುಂದಿನ ಮಳೆಗೆ ಅದೂ ಹೋಗುತ್ತದೆ. ಸುತ್ತು ಹಾದಿಯಾದರೂ ಗಟ್ಟಿ ನೆಲ ಹುಡುಕಬೇಕು. ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಏರುತ್ತದೆ. ಆರು ಕಿಲೋ ತಡೆಯುವ ಪೈಪನ್ನು 90 ಮೀಟರ್ ಇಳಿಸಬೇಕಾದರೆ ನಡುವೆ ಒತ್ತಡ ತಗ್ಗಿಸುವ ತೊಟ್ಟಿ ಬೇಕೇ ಬೇಕು.

ಕೆಂಪಾದ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಪ್ರಯೋಜನ ಕಡಿಮೆ. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಬಿಡುತ್ತವೆ. ಮೊದಲು ನೀರು ತಿಳಿಯಾಗಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್. ಭಾರತೀಯ ಮಾನಕ 10500ರ ಪ್ರಕಾರ ಕದಡಿನ ಮಿತಿ 1 ಎನ್‌ಟಿಯು. ಬೇರೆ ಮೂಲವಿಲ್ಲದಿದ್ದರೆ 5. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕಾಫಿ ಹಣ್ಣು ಪಲ್ಪಿಂಗ್ ಮಾಡುವ ತಿಂಗಳುಗಳಲ್ಲಿ ಹುಳಿ ನೀರು ಹಳ್ಳ ಸೇರುವ ಅಪಾಯವಿರುವುದರಿಂದ ಆಗ ಮತ್ತೊಮ್ಮೆ ಪರೀಕ್ಷೆ ಅಗತ್ಯ.

ಹಕ್ಕಿನ ಪ್ರಶ್ನೆ

ಒರತೆ ಒಬ್ಬರ ತೋಟದಲ್ಲಿ, ಇಲ್ಲವೇ ಅರಣ್ಯದಲ್ಲಿ, ಕುಡಿಯುವವರು ಕೆಳಗೆ. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ–ಮಾರ್ಚಿನಲ್ಲಿ ರೊಬಸ್ಟಾ ತೋಟಗಳ ಸ್ಪ್ರಿಂಕ್ಲರ್‌ಗಳೂ ಅದೇ ಹಳ್ಳಕ್ಕೆ ಇಳಿಯುತ್ತವೆ. ಬಾಯಿಮಾತಿನ ಒಪ್ಪಿಗೆ ತೋಟ ಕೈಬದಲಾದೊಡನೆ ಮುರಿಯಬಹುದು. ಅರಣ್ಯ ಭೂಮಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣವೇ ದಾರಿ: ಗ್ರಾಮಸಭೆಯ ಶಿಫಾರಸಿನ ಮೇಲೆ ಕುಡಿಯುವ ನೀರಿನ ಪೈಪಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಪಡೆಯಲು ಅವಕಾಶವಿದೆ.

ಉಪಸಂಹಾರ

ಬೇಸಿಗೆಯ ಅಳತೆ, ಗಟ್ಟಿ ನೆಲದ ಹಾದಿ, ತೋಟದ ಮಾಲೀಕರೊಂದಿಗೆ ಬರಹದ ಒಪ್ಪಂದ: ಈ ಮೂರೂ ಗ್ರಾಮ ಪಂಚಾಯಿತಿಯ ಕಡತದಲ್ಲಿರಬೇಕು. ಇವಿಲ್ಲದೆ ಪೈಪು ಜೋಡಿಸಿ ಬಿಲ್ಲು ಪಾಸು ಮಾಡುವುದು ತಾತ್ಕಾಲಿಕ ರಿಪೇರಿಯೇ ಹೊರತು ಪುನಶ್ಚೇತನವಲ್ಲ.